ಗೇಟಿನ ಒಳಗೆ ನಾಲ್ವರು, ಹೊರಗೆ ಒಬ್ಬಳು

ಹಾಸನ

ಅಮೆರಿಕಕ್ಕೆ ಹೋಗಿ ಬಂದಮೇಲೆ ನಮ್ಮ ಕಡೆಯ ತೋಟದ ಮನೆಗಳಲ್ಲಿ ನನಗೆ ಒಂದು ಹೊಸ ಬೆಲೆ ಬಂದಿದೆ. ಮಕ್ಕಳನ್ನು ಕರೆದುಕೊಂಡು ಅಲ್ಲಿನ ಥೀಮ್ ಪಾರ್ಕಿಗೆ ಹೋಗಬೇಕೆಂದಿರುವವರು ಮದುವೆ ಮನೆಯಲ್ಲೋ, ಸಕಲೇಶಪುರದ ಬಟ್ಟೆ ಅಂಗಡಿಯಲ್ಲೋ ನನ್ನನ್ನು ಹಿಡಿದು ನಿಲ್ಲಿಸಿ ಕೇಳುತ್ತಾರೆ: ಪಾರ್ಕಿನ ಒಳಗಿರುವ ಹೋಟೆಲಿನಲ್ಲಿ ಇಳಿದುಕೊಳ್ಳುವುದು ಒಳ್ಳೆಯದೋ, ಹೊರಗಿನ ಹೋಟೆಲಿನಲ್ಲೋ? ಯಾವುದು ಕಮ್ಮಿಗೆ ಬೀಳುತ್ತದೆ? ನಾನು ಹೊರಗೆ ಇದ್ದವಳು, ಒಳಗಿನದನ್ನೂ ಕಣ್ಣಾರೆ ಕಂಡವಳು. ಹಾಗಾಗಿ ನನ್ನ ಮಾತಿಗೆ ತೂಕ ಜಾಸ್ತಿ. ರೇಟು ಮಾತ್ರ ನನ್ನನ್ನು ಕೇಳಬೇಡಿ. ನೀವು ಹೋಗುವ ಹೊತ್ತಿಗೆ ಅದು ಕಾಫಿ ರೇಟಿನ ಹಾಗೆ ಎಲ್ಲಿಗೋ ಹೋಗಿರುತ್ತದೆ. ಉಳಿದದ್ದನ್ನು ಹೇಳುತ್ತೇನೆ.

ನಮ್ಮದು ದೋಣಿಗಲ್ಲಿನಿಂದ ಸ್ವಲ್ಪ ಒಳಗಿರುವ ತೋಟ. ಮದುವೆಯಾದ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಾನು ತವರಿಗೆ ಬಂದಾಗ ಅಪ್ಪ ಏನೂ ಮಾತಾಡದೆ ಮೂಲೆ ರೂಮಿನಲ್ಲಿದ್ದ ಕಾಫಿ ಚೀಲಗಳನ್ನು ಸ್ಟೋರಿಗೆ ಸಾಗಿಸಿ, ಸುಣ್ಣ ಹೊಡೆಸಿ, ನನ್ನ ಟ್ರಂಕು ಇಡಿಸಿದರು. ಕಿಟಕಿ ತೆರೆದರೆ ಕಣಿವೆ, ಕಣಿವೆಯ ಆಚೆಗೆ ರೈಲು ದಾರಿ. ಅವತ್ತಿನಿಂದ ನಾನು ಆ ರೂಮಿನವಳು. ಅಪ್ಪ ಹೋದಮೇಲೆ ತೋಟ ತಮ್ಮ ಮಹೇಶನ ಕೈಗೆ ಬಂತು. ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ಕೆಲಸ ಬಿಟ್ಟು ಹೋದಮೇಲೆ ಆಳುಗಳ ಹಾಜರಿ ನನ್ನ ಕೈಗೆ ಬಂತು. ಮಹೇಶನ ಹೆಂಡತಿ ಶೋಭಾ, ಮಕ್ಕಳು ಸಿಂಚನಾ ಮತ್ತು ಚಿರಂತ್. ಇಷ್ಟೇ ಮನೆ.

ಆ ದಿನಗಳಲ್ಲಿ ನಮ್ಮ ಸುತ್ತಮುತ್ತ ಹೋಂಸ್ಟೇ ಹುಚ್ಚು ಶುರುವಾಗಿತ್ತು. ನಾವು ಬೈದುಕೊಂಡು ಓಡಾಡುವ ಮಂಜನ್ನು ನೋಡಲು ಜನ ದೂರದ ಊರುಗಳಿಂದ ಕಾರು ಮಾಡಿಕೊಂಡು ಬರುತ್ತಾರೆ ಎಂಬುದರಲ್ಲೇ ನಮಗೆ ಮೊದಮೊದಲು ನಂಬಿಕೆ ಬರಲಿಲ್ಲ. ಶೋಭಾಳಿಗೆ ನಮ್ಮ ಮನೆಯನ್ನೂ ಹಾಗೆ ಮಾಡಬೇಕೆಂಬ ಆಸೆ. ಅವಳು ಕರೆಸಿದ ಇಂಜಿನಿಯರ್ ಮನೆಯನ್ನೆಲ್ಲ ಸುತ್ತಿ ಬಂದು, ಕೊನೆಗೆ ನನ್ನ ಕಿಟಕಿಯ ಮುಂದೆ ನಿಂತು, ಇದೇ ನಿಮ್ಮ ಬೆಸ್ಟ್ ರೂಮು ಅಂದ. ಅವತ್ತಿನಿಂದ ನನಗೊಂದು ಸಣ್ಣ ಮನೆಯನ್ನು ಸಕಲೇಶಪುರದಲ್ಲಿ ನೋಡುವ ಮಾತು ಶುರುವಾಯಿತು. ಡಾಕ್ಟರ್ ಹತ್ತಿರ, ಬಸ್‌ಸ್ಟ್ಯಾಂಡ್ ಹತ್ತಿರ, ಮನೆಬಾಗಿಲಿಗೆ ಆಟೋ. ಕೆಟ್ಟ ಮಾತೇನೂ ಅಲ್ಲ. ಹೊರಡುವ ವಾರ ಮಹೇಶ ಅಂಗಳದಲ್ಲಿ ನಿಂತು ಹೇಳಿದ: “ಅಮೆರಿಕದಿಂದ ಬಂದ್ಮೇಲೆ ನಿನ್ ಮನೆ ವಿಷ್ಯ ಫೈಸಲ್ ಮಾಡಾನ ಕಣಕ್ಕ. ಅಷ್ಟ್ರಲ್ಲಿ ಯೋಚ್ನೆ ಮಾಡಿ ಹೇಳು.” ಆ ಮಾತನ್ನು ನಾನು ಸೂಟ್‌ಕೇಸಿನಷ್ಟೇ ಜೋಪಾನವಾಗಿ ಅಮೆರಿಕದವರೆಗೆ ಹೊತ್ತುಕೊಂಡು ಹೋದೆ.

ಅದಕ್ಕೂ ಮುಂಚೆ, ಮಕ್ಕಳಿಗೆ ಪಾರ್ಕು ತೋರಿಸಲು ಟಿಕೆಟ್ ಮಾಡಿಸಹೋದಾಗ, ಹಾಸನದ ಟ್ರಾವೆಲ್ಸ್ ಆಫೀಸಿನಲ್ಲಿ ಕನ್ನಡಕದ ಹೆಂಗಸೊಬ್ಬಳು ನಮ್ಮ ಮುಂದೆ ಎರಡು ಬಣ್ಣದ ಪುಸ್ತಕ ಹರಡಿದಳು. ಒಂದು ಪಾರ್ಕಿನ ಒಳಗಿನ ಹೋಟೆಲು. ಕೆರೆ, ದೋಣಿ, ಬಾಗಿಲಿನಿಂದಲೇ ಪಾರ್ಕಿಗೆ ಬಸ್ಸು. ಆದರೆ ಒಂದು ರೂಮಿಗೆ ನಾಲ್ಕೇ ಜನ. ಐದನೆಯವರಿಗೆ ಇನ್ನೊಂದು ರೂಮು ಹಿಡಿಯಬೇಕು, ಅದಕ್ಕೆ ಕೊಡುವ ದುಡ್ಡಿನಲ್ಲಿ ನಮ್ಮಲ್ಲಿ ಒಂದು ಪಂಪ್‌ಸೆಟ್ ಬರುತ್ತದೆ. ಇನ್ನೊಂದು, ಹೆದ್ದಾರಿ ಪಕ್ಕದ ಮೋಟೆಲು.

ಈ ಲೆಕ್ಕ ತೋಟದವರಿಗೆ ಹೊಸದಲ್ಲ. ಆಳುಗಳನ್ನು ತೋಟದೊಳಗಿನ ಲೈನ್ ಮನೆಗಳಲ್ಲಿ ಇಟ್ಟುಕೊಳ್ಳುವುದೋ, ಹೊರಗಿನಿಂದ ದಿನಾ ಜೀಪಿನಲ್ಲಿ ಕರೆಸುವುದೋ ಎಂಬುದು ನಮ್ಮಲ್ಲಿ ಎಂದೂ ಮುಗಿಯದ ಚರ್ಚೆ. ಒಳಗಿಟ್ಟುಕೊಂಡರೆ ಸೂರು, ಸೌದೆ, ನೀರು ಕೊಡಬೇಕು. ಹೊರಗಿನವರಾದರೆ ಡೀಸೆಲ್ ಸುಡಬೇಕು, ಜೀಪು ಕೆಟ್ಟ ದಿನ ಕೆಲಸವೂ ಕೆಟ್ಟಿತು. ನಾನು ಇದನ್ನೆಲ್ಲ ತಲೆಯಲ್ಲೇ ಕೂಡಿ ಕಳೆದು, ಐದೂ ಜನ ಹೊರಗೆ ಎರಡು ರೂಮು ಹಿಡಿದರೆ ಅರ್ಧಕ್ಕರ್ಧ ಉಳಿಯುತ್ತದೆ ಅಂದೆ. ಮಕ್ಕಳಿಗೆ ಸುಸ್ತಾಗುತ್ತದೆ, ಇಂಥದ್ದು ಜೀವಮಾನಕ್ಕೊಂದು ಸಲ ಅಂದಳು ಶೋಭಾ. ಅದೂ ಸರಿಯೇ. ಮಹೇಶ ಪುಸ್ತಕದಲ್ಲಿದ್ದ ಕೆರೆಯನ್ನೇ ನೋಡುತ್ತಿದ್ದ. ಆಗ ನಾನು, ಹಾಗಾದರೆ ನೀವು ನಾಲ್ಕೂ ಜನ ಒಳಗಿರಿ, ನಾನೊಬ್ಬಳು ಹೊರಗಿರುತ್ತೇನೆ ಬಿಡಿ ಅಂದುಬಿಟ್ಟೆ.

ನಮ್ಮ ಕಡೆ ಬೇಡ ಅನ್ನುವುದಕ್ಕೂ ಒಂದು ಕ್ರಮವಿದೆ. ಊಟಕ್ಕೆ ಕೂತವರು ಮೊದಲು ಬೇಡ ಅನ್ನಬೇಕು, ಬಡಿಸುವವರು ಕೇಳದವರ ಹಾಗೆ ಬಗ್ಗಬೇಕು, ಕೂತವರು ಎಲೆಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಹಾಕಬೇಕು. ಮೊದಲನೆಯ ಬೇಡಕ್ಕೇ ಪಾತ್ರೆ ಎತ್ತಿಕೊಂಡು ಮುಂದಕ್ಕೆ ಹೋದರೆ ಆ ಮನೆಯ ಊಟದ ಮಾತು ವರ್ಷಗಟ್ಟಲೆ ಊರಲ್ಲಿ ಓಡಾಡುತ್ತದೆ. ನಾನು ಅಂದದ್ದು ಆ ಮೊದಲನೆಯ ಬೇಡ. ಛೆ, ಅದು ಹೇಗಾಗುತ್ತದೆ ಎಂದು ಯಾರಾದರೂ ಅನ್ನುತ್ತಾರೆ ಎಂದು ಕಾದೆ. ಕನ್ನಡಕದ ಹೆಂಗಸಿಗೆ ಈ ಕ್ರಮ ಗೊತ್ತಿರಲಿಲ್ಲ, ಅವಳು ಅದನ್ನೇ ಕಂಪ್ಯೂಟರಿಗೆ ಹಾಕಿದಳು. ಗೊತ್ತಿದ್ದ ಇಬ್ಬರೂ ಸುಮ್ಮನಿದ್ದರು. “ನಮ್ ಅತ್ತಿಗೆ ಎಲ್ಲಾದಕ್ಕೂ ಅಡ್ಜಸ್ಟ್ ಮಾಡ್ಕೋತಾರೆ” ಎಂದು ಶೋಭಾ ಆ ಹೆಂಗಸಿಗೆ ಹೇಳಿದಳು. ಹೊಗಳಿಕೆಯೇ. ನಾನು ನಕ್ಕೆ.

ಇಳಿದ ಸಂಜೆ

ಫ್ಲೋರಿಡಾದ ಸೆಕೆ ನಮ್ಮ ಘಾಟಿ ಇಳಿದು ಮಂಗಳೂರಿನ ಕಡೆ ಹೋದಾಗ ಮುಖಕ್ಕೆ ಹೊಡೆಯುವಂಥ ಸೆಕೆ. ಏರ್‌ಪೋರ್ಟಿನಿಂದ ನಮ್ಮೈವರನ್ನೂ ಒಂದೇ ವ್ಯಾನಿನಲ್ಲಿ ಕರೆದೊಯ್ದರು. ಊರೆಂದರೆ ಊರಿಲ್ಲ, ಬರೀ ರಸ್ತೆ ಮತ್ತು ಬೋರ್ಡು. ಅರ್ಧ ದಾರಿಯಲ್ಲಿ ಒಂದು ಕಮಾನು ಬಂತು. ಅದನ್ನು ದಾಟಿದ ಕೂಡಲೇ ಬೋರ್ಡುಗಳೆಲ್ಲ ಮಾಯವಾಗಿ ಮರ, ಹುಲ್ಲು, ಕೆರೆ ಶುರುವಾದವು. ತೋಟದ ಗೇಟು ದಾಟಿದ ಹಾಗೇ ಅನ್ನಿಸಿತು.

ಒಳಗಿನ ಹೋಟೆಲು ಪೂರಾ ಮರದ್ದು. ಬಾಗಿಲಲ್ಲಿ ನಿಂತಿದ್ದ ಬಿಳಿಗೂದಲ ಹೆಂಗಸು ನಮ್ಮೆಲ್ಲರ ಕೈ ಕುಲುಕಿ, ನನ್ನ ಕೈಯನ್ನೂ ಕುಲುಕಿ, ಮನೆಗೆ ಬಂದಿರಿ, ಸ್ವಾಗತ ಅಂದಳು. ಬಂದವರಿಗೆಲ್ಲ ಹಾಗೆ ಹೇಳಬೇಕೆಂದು ಅವರಿಗೆ ಕಟ್ಟಪ್ಪಣೆಯಂತೆ. ರೂಮು ನೋಡಿದೆ. ಎರಡು ದೊಡ್ಡ ಮಂಚ, ಒಂದು ಸಣ್ಣ ಬಾಲ್ಕನಿ. ಮಕ್ಕಳು ಮಂಚದ ಮೇಲೆ ಹಾರುತ್ತಿದ್ದರು. ಸ್ವಲ್ಪ ಹೊತ್ತು ಕೂತೆ, ನೀರು ಕುಡಿದೆ, ಮೋಟೆಲಿಗೆ ಹೋಗುವ ಟ್ಯಾಕ್ಸಿ ಬಂತು ಎಂದರು, ಎದ್ದೆ.

ಮೋಟೆಲಿನಲ್ಲಿ ಗಾಜಿನ ಹಿಂದೆ ಕೂತಿದ್ದವನು ತಲೆ ಎತ್ತದೆ ಪಾಸ್‌ಪೋರ್ಟ್ ಅಂದ. ನನಗೆ ಅವನ ಮೇಲೆ ಒಂಥರ ಗೌರವ ಬಂತು. ಮನೆ ಅಂತ ಸುಳ್ಳು ಹೇಳಲಿಲ್ಲವಲ್ಲ.

ರೂಮಿನ ಬಾಗಿಲು ತೆಗೆದು ನೋಡಿದರೆ ಅಲ್ಲೂ ಎರಡು ದೊಡ್ಡ ಮಂಚ. ಕಿಟಕಿ ತೆರೆಯಲು ಬರುವುದಿಲ್ಲ, ಅದು ಬರೀ ಗಾಜು. ಗಾಜಿನ ಆಚೆ ರಸ್ತೆ, ರಸ್ತೆಯ ಆಚೆ ದೋಸೆಯಂಥ ಪ್ಯಾನ್‌ಕೇಕಿನ ಚಿತ್ರವಿದ್ದ ಒಂದು ದೊಡ್ಡ ಬೋರ್ಡು. ಇಷ್ಟು ವರ್ಷ ನನಗೊಂದು ಕಿಟಕಿಯಿತ್ತು ಎಂಬುದು ಆ ಗಾಜಿನ ಮುಂದೆ ನಿಂತಾಗ ಮೊದಲ ಸಲ ತಲೆಗೆ ಹೋಯಿತು. ಒಂದು ಮಂಚದಲ್ಲಿ ಮಲಗಿದೆ. ಇನ್ನೊಂದು ಖಾಲಿ ಕಾಣುತ್ತದೆಂದು ಸೂಟ್‌ಕೇಸನ್ನು ಅದರ ಮೇಲೆ ಮಲಗಿಸಿದೆ.

ಬೆಳಗಿನ ಬಸ್ಸು

ಮೋಟೆಲಿನ ಬಾಡಿಗೆಯಲ್ಲೇ ಬೆಳಗಿನ ತಿಂಡಿಯೂ ಸೇರಿತ್ತು. ಅಚ್ಚಿನ ದೋಸೆಯಂಥದ್ದು, ನಾವೇ ಮಾಡಿಕೊಳ್ಳಬೇಕು. ಲೋಟದಲ್ಲಿ ಹಿಟ್ಟು ಹಿಡಿದು ಕಬ್ಬಿಣದ ಅಚ್ಚಿಗೆ ಸುರಿದು ಮುಚ್ಚಳ ಹಾಕಿ ತಿರುಗಿಸುವುದು, ಅದು ಕೂಗಿದಾಗ ತೆಗೆಯುವುದು. ದೋಸೆ ಹುಯ್ದು ಹುಯ್ದು ಕೈ ಪಳಗಿದವಳಿಗೆ ಇದೇನು ಮಹಾ ಎಂದು ಒಂದು ಸೌಟಿನಷ್ಟು ಜಾಸ್ತಿಯೇ ಸುರಿದೆ. ಹಿಟ್ಟು ಉಕ್ಕಿ ಮೇಜಿನ ಮೇಲೆ ಹರಿದು ನೆಲಕ್ಕೆ ತೊಟ್ಟಿಕ್ಕಿತು. ನನ್ನ ಹಿಂದೆ ನಿಂತಿದ್ದ ಮುದುಕರೊಬ್ಬರು ಕಾಗದದ ಕರವಸ್ತ್ರಗಳನ್ನು ಹಿಡಿಹಿಡಿಯಾಗಿ ತಂದು ಒರೆಸಿದರು. ಹೆಸರು ವಾಲ್ಟರ್, ಒಹಾಯೋದವರು. ಪ್ರತಿ ವರ್ಷ ಇಲ್ಲೇ ಬಂದು ಇಳಿಯುತ್ತಾರಂತೆ, ಆದರೆ ಪಾರ್ಕಿಗೆ ಹೋಗುವುದಿಲ್ಲವಂತೆ. ಮಕ್ಕಳು ಚಿಕ್ಕವರಿದ್ದಾಗ ಒಳಗೆ ಇಳಿಯುತ್ತಿದ್ದೆವು, ಈಗ ನನಗೆ ಅಷ್ಟೊಂದು ಸಂತೋಷ ಬೇಕಾಗಿಲ್ಲ ಎಂದು ನಿಧಾನವಾಗಿ, ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿ ಈಜುಕೊಳದ ಪಕ್ಕದ ಕುರ್ಚಿಗೆ ಹೋಗಿ ಕೂತರು. ಅವರಿಗೆ ನನ್ನ ಬಗ್ಗೆ ಏನೂ ಕೇಳಬೇಕೆನ್ನಿಸಲಿಲ್ಲ. ನಮ್ಮೂರಿನಲ್ಲಾಗಿದ್ದರೆ ಅಷ್ಟರಲ್ಲಿ ನನ್ನ ಅತ್ತೆಮನೆ, ಎಕರೆ, ಮಂಡಿನೋವು ಎಲ್ಲ ವಿಚಾರಿಸಿ ಆಗಿರುತ್ತಿತ್ತು.

ಪಾರ್ಕಿಗೆ ಮೋಟೆಲಿನ ಬಸ್ಸು ಹೊರಡುವುದು ಅದರ ಹೊತ್ತಿಗೆ, ನಮ್ಮ ಹೊತ್ತಿಗಲ್ಲ. ಅದು ಇನ್ನೂ ನಾಲ್ಕು ಮೋಟೆಲಿನ ಬಾಗಿಲಲ್ಲಿ ನಿಂತು ನಿಂತು ಹೋಗುತ್ತದೆ. ನಮ್ಮ ಜೀಪು ಬೆಳಗ್ಗೆ ಊರೂರು ತಿರುಗಿ ಆಳುಗಳನ್ನು ತುಂಬಿಕೊಂಡು ಬರುವುದೂ ಹೀಗೆಯೇ. ಹಾಜರಿ ಪುಸ್ತಕದಲ್ಲಿ ತಡವಾಗಿ ಬಂದವರ ಹೆಸರಿನ ಮುಂದೆ ನಾನು ಎಷ್ಟು ಸಲ ಗೆರೆ ಎಳೆದಿದ್ದೇನೋ. ಜೀಪು ತಡ ಮಾಡಿತು ಅಕ್ಕೋರೆ ಅಂದರೆ ನನಗೆ ಅದೊಂದು ನೆವ ಅನ್ನಿಸುತ್ತಿತ್ತು.

ಬಸ್ಸಿಗೆ ಇನ್ನೂ ಸಮಯವಿದೆಯೆಂದು ಒಂದು ದಿನ ರಸ್ತೆಯ ಅಂಚಿನಲ್ಲಿ ನಡೆಯಲು ಹೊರಟೆ. ಆ ದೇಶದಲ್ಲಿ ನಡೆಯುವವರೇ ಇಲ್ಲ. ಸೀರೆ ಉಟ್ಟು ಕ್ಯಾನ್ವಾಸ್ ಶೂ ಹಾಕಿಕೊಂಡ ಹೆಂಗಸು ನಡೆಯುವುದಂತೂ ಇಲ್ಲವೇ ಇಲ್ಲ. ಒಂದು ಕಾರು ನಿಧಾನ ಮಾಡಿ, ಗಾಜು ಇಳಿಸಿ, ನೀವು ಕಳೆದುಹೋಗಿದ್ದೀರಾ ಎಂದು ಕೇಳಿತು. ದೋಣಿಗಲ್ಲಿನ ರಸ್ತೆಯಲ್ಲೂ ನಾನು ನಡೆದರೆ ಜೀಪು ನಿಲ್ಲುತ್ತದೆ, ಆದರೆ ಎಲ್ಲಿಗೆ ಹೊರಟ್ರಿ, ಹತ್ತಿ ಅನ್ನುತ್ತಾರೆ. ಇಲ್ಲ, ನನ್ನ ಹೋಟೆಲು ಅದೋ ಅಲ್ಲಿದೆ ಎಂದು ತೋರಿಸಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಗೇಟು

ಒಳಗೆ ಇಳಿದವರಿಗೆ ಪಾರ್ಕಿನ ಬಾಗಿಲು ಒಂದು ತಾಸು ಮುಂಚೆ ತೆರೆಯುತ್ತದೆ. ಇದನ್ನು ಹಾಸನದಲ್ಲಿ ಹೇಳಿರಲಿಲ್ಲ, ಅಥವಾ ಹೇಳಿದ್ದು ನನ್ನ ಕಿವಿಗೆ ಬಿದ್ದಿರಲಿಲ್ಲ. ನನ್ನ ಟಿಕೆಟ್ಟೂ ಅವರ ಟಿಕೆಟ್ಟೂ ಒಂದೇ. ಆದರೆ ಅವರ ಕೈಯಲ್ಲಿ ರೂಮಿನ ಕಾರ್ಡಿತ್ತು. ಮೊದಲ ದಿನ ನಾನು ಬಸ್ಸಿಳಿದು ಗೇಟಿನ ಮುಂದೆ ಬಂದಾಗ ನಮ್ಮವರು ಒಳಗೆ ಹೋಗಿ ಆಗಿತ್ತು. ನಾನು ಹೊರಗಿನವರ ಸಾಲಿನಲ್ಲಿ ನಿಂತೆ. ಕಂಬಿಯ ಆಚೆ ಬಲೂನು, ಬ್ಯಾಂಡು, ನಗುವ ಮಕ್ಕಳು. ಒಳಗೆ ಹೋಗಿ, ಹೂವಿನ ಗಡಿಯಾರದ ಹತ್ತಿರ ಸೇರೋಣ ಎಂದು ಮಾತಾಗಿದ್ದ ಕಡೆ ನಿಂತೆ. ಚಿರಂತ್ ಓಡಿ ಬಂದು ಕೈ ಹಿಡಿದು, ಅತ್ತೆ, ಅತ್ತೆ, ಬೆಟ್ಟದ ರೈಲು ನೋಡಿಯಾಯಿತು, ಭೂತದ ಮನೆ ನೋಡಿಯಾಯಿತು, ಈಗ ದೋಣಿ ಅಂದ. ನಾನು ಬರುವಷ್ಟರಲ್ಲಿ ಅವರ ಪಾಲಿಗೆ ಅರ್ಧ ಪಾರ್ಕು ಹಳೆಯದಾಗಿತ್ತು. ಮುಂದಿನ ದಿನವೂ ಹಾಗೆಯೇ. ಅವರು ಕಂಡು ಮುಗಿಸಿದ್ದನ್ನು ನಾನು ನೋಡಬೇಕೆಂದರೆ ನಾನೊಬ್ಬಳೇ ಹೋಗಬೇಕು, ಅಷ್ಟೊತ್ತು ಅವರು ಐಸ್‌ಕ್ರೀಮು ತಿಂದುಕೊಂಡು ನನಗೆ ಕಾಯಬೇಕು. ಯಾರನ್ನಾದರೂ ಕಾಯಿಸುವುದು ನನಗೆ ಮೊದಲಿನಿಂದಲೂ ಆಗದು.

ಆದರೂ ಬೆಟ್ಟದ ರೈಲು ನೋಡಲೇಬೇಕೆಂದು ಹೋದೆ. ಉದ್ದ ಸಾಲು. ಎಷ್ಟು ಜನ ಎಂದು ಕೇಳಿದ ಹುಡುಗಿಗೆ ಒಬ್ಬಳು ಅಂದೆ. ತಕ್ಷಣ ಅವಳು ಹಗ್ಗ ಸರಿಸಿ ನನ್ನನ್ನು ಬೇರೆ ಬಾಗಿಲಿನಿಂದ ಒಳಗೆ ಬಿಟ್ಟಳು. ಒಂಟಿಯಾಗಿ ಬಂದವರಿಗೆ ಅಲ್ಲಿ ಬೇರೆ ಸಾಲು. ಗಾಡಿಯಲ್ಲಿ ಎಲ್ಲಿ ಒಂದು ಜಾಗ ಖಾಲಿ ಉಳಿಯುತ್ತದೋ ಅಲ್ಲಿಗೆ ನಮ್ಮನ್ನು ತುಂಬುತ್ತಾರೆ. ಒಬ್ಬಳಾಗಿರುವುದಕ್ಕೆ ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ಮುಂದಕ್ಕೆ ಕಳಿಸಿದರು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ ಎಂದು ಸನ್ನೆ ಮಾಡಿ, ಒಬ್ಬ ಗಂಡಸು ಮತ್ತು ಅವನ ಸಣ್ಣ ಮಗಳ ಪಕ್ಕದಲ್ಲಿ ಕೂರಿಸಿದರು. ಗಾಡಿ ಕತ್ತಲೆಯ ಸುರಂಗಕ್ಕೆ ನುಗ್ಗಿತು. ನಮ್ಮ ಘಾಟಿಯ ಎಡಕುಮೇರಿ ಕಡೆಯ ಸುರಂಗಗಳಲ್ಲಿ ರೈಲು ಹೋಗುವಾಗಿನ ತಂಪು ನೆನಪಾಗುವಷ್ಟರಲ್ಲಿ ತುತ್ತತುದಿಯಿಂದ ಕೆಳಕ್ಕೆ ಬಿದ್ದೆವು. ಆ ಮಗು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಕೆಳಗೆ ಇಳಿದಾಗ ಗೋಡೆಯ ಮೇಲಿನ ಟಿ.ವಿ.ಯಲ್ಲಿ ನಮ್ಮ ಫೋಟೋ ತೋರಿಸಿದರು, ಬೀಳುವಾಗ ತೆಗೆದದ್ದು. ಗಂಡಸು ಬಾಯಿ ಬಿಟ್ಟಿದ್ದಾನೆ, ಮಗು ನನ್ನ ತೋಳಿನಲ್ಲಿ ಮುಖ ಹುದುಗಿಸಿದೆ, ನಾನು ನಗುತ್ತಿದ್ದೇನೆ. ನೋಡಿದವರು ಇವರೆಲ್ಲ ಒಂದೇ ಮನೆಯವರು ಅನ್ನಬೇಕು. ಆ ತಂದೆ ಮಗಳು ಫೋಟೋ ಕಡೆಗೆ ತಿರುಗಿಯೂ ನೋಡದೆ ಹೊರಟು ಹೋದರು. ಮುಂದಿನ ಗಾಡಿಯ ಫೋಟೋ ಬರುವವರೆಗೆ ನಾನು ಅಲ್ಲೇ ನಿಂತಿದ್ದೆ.

ಬಸ್ ಸ್ಟಾಪು

ಸಂಜೆಯ ಹೊತ್ತಿಗೆ ಒಳಗಿನವರ ಕೈಗೆ ಒಂದು ಬಣ್ಣದ ಪಟ್ಟಿ ಕಟ್ಟುತ್ತಾರೆ. ಪಟ್ಟಿ ಇದ್ದವರು ಕತ್ತಲಾದ ಮೇಲೂ ಆಡುತ್ತಿರಬಹುದು. ಇಲ್ಲದವರಿಗೆ ಒಬ್ಬರು ಬಂದು ಬಹಳ ನಯವಾಗಿ ಶುಭರಾತ್ರಿ ಹೇಳುತ್ತಾರೆ. ನನ್ನ ಬಸ್ಸಿನ ಹೊತ್ತೂ ಅದೇ.

ಪಾರ್ಕಿಗೆ ಹೋದ ಮೊದಲ ಸಂಜೆ ನಾಲ್ಕೂ ಜನ ನನ್ನನ್ನು ಬಸ್ ಸ್ಟಾಪಿನವರೆಗೆ ಕಳಿಸಿಕೊಡಲು ಬಂದರು. ಬೇಡ ಅಂದರೂ ಬಂದರು. ಈ ಬೇಡಕ್ಕೆ ಮಾತ್ರ ಕ್ರಮ ತಪ್ಪದೆ ಉಪಚಾರ ಸಿಕ್ಕಿತು. ಮಹೇಶ ನನ್ನ ಚೀಲ ಹಿಡಿದುಕೊಂಡ. ಬಸ್ಸು ಬಂದಾಗ ಶೋಭಾ ತನ್ನ ಬ್ಯಾಗಿನಿಂದ ಹೋಟೆಲಿನ ಎರಡು ಸೇಬು ತೆಗೆದು ನನ್ನ ಕೈಯಲ್ಲಿಟ್ಟಳು. “ಅತ್ತಿಗೆ, ಹುಷಾರಾಗಿ ಹೋಗಿ. ನಾಳೆ ಬನ್ನಿ.” ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಾಲ್ಕೂ ಜನ ನಿಂತು ಕೈ ಬೀಸಿದರು.

ಬಸ್ಸಿನಲ್ಲಿ ಕೂತು ಆ ಸೇಬುಗಳನ್ನು ನೋಡಿದೆ. ನಮ್ಮಲ್ಲಿ ನೆಂಟರು ಹೊರಟರೆ ಮನೆಯವರೆಲ್ಲ ಗೇಟಿನವರೆಗೆ ಹೋಗಬೇಕು. ಹೆಣ್ಣು ನೆಂಟರಾದರೆ ಕುಂಕುಮ ಕೊಟ್ಟು ಕೈಯಲ್ಲಿ ಹಣ್ಣಿಡಬೇಕು. ಜೀಪು ಮರೆಯಾಗುವವರೆಗೆ ನಿಲ್ಲಬೇಕು, ಮುಂಚೆಯೇ ಬೆನ್ನು ತಿರುಗಿಸಬಾರದು. ಕುಂಕುಮದ ಮಾತು ನನ್ನ ಮಟ್ಟಿಗೆ ಎಂದೋ ಮುಗಿದದ್ದು, ಹಣ್ಣಿಗೇನೂ ಅಡ್ಡಿಯಿಲ್ಲ. ಇದನ್ನೆಲ್ಲ ಶೋಭಾಳಿಗೆ ಮದುವೆಯಾಗಿ ಬಂದ ಹೊಸದರಲ್ಲಿ ಕಲಿಸಿದವಳು ನಾನೇ. ಅವಳು ಚೆನ್ನಾಗಿ ಕಲಿತಿದ್ದಳು. ಮನೆಯವರು ಹೊರಟರೆ ಯಾರೂ ಗೇಟಿನವರೆಗೆ ಬರುವುದಿಲ್ಲ. ಮನೆಯವರು ಸಕಲೇಶಪುರಕ್ಕೆ ಹೋಗುವಾಗ ಅಂಗಳದಲ್ಲೇ ಕೂಗಿ ಹೇಳಿ ಹೋಗುತ್ತಾರೆ, ಒಳಗಿನವರು ಹ್ಞೂಂ ಅನ್ನುತ್ತಾರೆ, ಅಷ್ಟೇ. ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಒಂದು ದಿನವೂ ಗೇಟಿನವರೆಗೆ ಕಳಿಸಿಕೊಟ್ಟಿರಲಿಲ್ಲ. ಅಮೆರಿಕದಲ್ಲಿ, ಆ ಸಂಜೆ, ನನ್ನ ತಮ್ಮನ ಮನೆಯವರು ನನ್ನನ್ನು ನೆಂಟಳನ್ನಾಗಿ ಮಾಡಿ ಕಳಿಸಿದರು. ಅವರಿಗೆ ಅದು ಗೊತ್ತಿರಲಿಲ್ಲ. ಸಕಲೇಶಪುರದ ಮನೆಗೆ ಹೋದಮೇಲೆ ಪ್ರತಿ ಭಾನುವಾರ ಹೀಗೇ ಬರುವುದು, ಹೀಗೇ ಹಣ್ಣು ಹಿಡಿದು ಹೊರಡುವುದು ಎಂದು ನನಗೆ ಗೊತ್ತಾಯಿತು. ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ನಿದ್ದೆ ಮಾಡುತ್ತಿದ್ದ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಕಿಟಕಿ ಕಡೆ ತಿರುಗಿದಳು.

ಮಾರನೆಯ ಸಂಜೆ ಮಕ್ಕಳಿಗೆ ಇನ್ನೊಂದು ಸವಾರಿಯಿತ್ತು, ಮಹೇಶ ಒಬ್ಬನೇ ಬಂದ. ಅದರ ಮುಂದಿನ ಸಂಜೆ ಸಾಲಿನಲ್ಲಿ ನಿಂತವರು ಅಲ್ಲಿಂದಲೇ ಕೈ ಎತ್ತಿದರು. ನೆಂಟರು ಹೆಚ್ಚು ದಿನ ಉಳಿದರೆ ಉಪಚಾರ ಹೀಗೆಯೇ ಸವೆಯುತ್ತದೆ. ಆದರೆ ನಾನು ಮನೆಯವಳೂ ಆಗಲಿಲ್ಲ.

ಪಾರ್ಕಿಂಗ್ ಜಾಗ

ಪಾರ್ಕಿನಲ್ಲಿ ದಿನಾ ಪಟಾಕಿ ಹಾರಿಸುತ್ತಾರೆ. ಮೋಟೆಲಿನವರಿಗೆ ಅದು ಬಿಟ್ಟಿ. ಕತ್ತಲಾಗುತ್ತಿದ್ದಂತೆ ವಾಲ್ಟರ್ ಮಡಚುವ ಕುರ್ಚಿ ತಂದು ಪಾರ್ಕಿಂಗ್ ಜಾಗದಲ್ಲಿ ಕೂರುತ್ತಿದ್ದರು. ಎರಡನೆಯ ದಿನದಿಂದ ಎರಡು ಕುರ್ಚಿ ತಂದರು. ಮೊದಲು ಬೆಳಕು ಅರಳುತ್ತದೆ, ಕೆಂಪು, ಹಸಿರು. ಅದು ಆರಿ ಹೋದಮೇಲೆ ಸದ್ದು ಬರುತ್ತದೆ. ದೀಪಾವಳಿಯಲ್ಲಿ ಕಣಿವೆಯ ಆಚೆಯ ತೋಟದವರು ಪಟಾಕಿ ಹೊಡೆದರೆ ನನ್ನ ಕಿಟಕಿಗೆ ಹೀಗೆಯೇ ಕೇಳುತ್ತದೆ. ಆದರೆ ಆಗ ನಮ್ಮ ಅಂಗಳದಲ್ಲೂ ಒಂದಿಷ್ಟು ಸಿಡಿಯುತ್ತಿರುತ್ತದೆ. ಒಳಗಿದ್ದವರಿಗೆ ಬೆಳಕೂ ಸದ್ದೂ ಒಟ್ಟಿಗೇ ಬರುತ್ತವಲ್ಲ ಎಂದು ವಾಲ್ಟರನ್ನು ಕೇಳಿದೆ. ಅವರು ಹೌದು, ಆದರೆ ಕುತ್ತಿಗೆ ನೋಯುತ್ತದೆ ಅಂದರು. ಎಲ್ಲ ಮುಗಿದಮೇಲೆ ಕುರ್ಚಿ ಮಡಚಿ, ನಾಳೆ ಅಂದರು. ನಾನೂ ನಾಳೆ ಅಂದೆ. ಆ ಒಂದು ಮಾತಿಗಾಗಿ ನಾನು ಸಂಜೆಯನ್ನು ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಮಳೆ ಬಂದ ಮಧ್ಯಾಹ್ನ

ಕೊನೆಗೂ ಒಂದು ದಿನ ಮಧ್ಯಾಹ್ನಕ್ಕೇ ಗುಡುಗು ಶುರುವಾಗಿ ಸವಾರಿಗಳನ್ನೆಲ್ಲ ನಿಲ್ಲಿಸಿದರು. ಶೋಭಾ ಮಕ್ಕಳನ್ನು ಮಲಗಿಸುತ್ತೇನೆಂದು ರೂಮಿಗೆ ಹೋದಳು. ಮಹೇಶ ಮಾತ್ರ, ನಿನ್ನ ಹೋಟೆಲು ನೋಡೇ ಇಲ್ಲವಲ್ಲ ಎಂದು ನನ್ನ ಜೊತೆ ಬಸ್ಸು ಹತ್ತಿದ. ಬಸ್ಸು ಪ್ರತಿ ಮೋಟೆಲಿನ ಮುಂದೆ ನಿಂತಾಗಲೂ ಇದಾ, ಇದಾ ಎಂದು ಕೇಳುತ್ತಿದ್ದ. ಚಿಕ್ಕವನಿದ್ದಾಗ ನಾನು ಸ್ಕೂಲಿಗೆ ಕರೆದುಕೊಂಡು ಹೋಗುವಾಗಲೂ ಅವನು ಹೀಗೆಯೇ ಕೇಳುತ್ತಿದ್ದ.

ರೂಮಿಗೆ ಬಂದವನು ಒದ್ದೆ ಶೂ ಬಿಚ್ಚಿ, ಸುತ್ತ ನೋಡಿ, ಸೂಟ್‌ಕೇಸು ಮಲಗಿದ್ದ ಮಂಚದ ತುದಿಯಲ್ಲಿ ಕೂತ. ಮಂಚವನ್ನು ಕೈಯಿಂದ ಅಮುಕಿದ. ನಮ್ಮ ರೂಮಿನದೂ ಇಷ್ಟೇ ಅಗಲ ಅಂದ. ಆಮೇಲೆ ಗೋಡೆಯಲ್ಲಿದ್ದ ಬಾಗಿಲು ತೋರಿಸಿ, ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ. ಪಕ್ಕದ ರೂಮಿಗೆ, ಎರಡು ರೂಮು ಹಿಡಿದರೆ ಅದನ್ನು ತೆಗೆದುಕೊಡುತ್ತಾರೆ ಅಂದೆ. ಅವನು ಸ್ವಲ್ಪ ಹೊತ್ತು ಆ ಬಾಗಿಲನ್ನೇ ನೋಡಿದ.

“ಎಲ್ರೂ ಇಲ್ಲೇ ಇರ್ಬೋದಿತ್ತು ಕಣಕ್ಕ.”

“ಇರ್ಬೋದಿತ್ತು.”

“ನೀನು ಅವತ್ತೇ ಹೇಳಿದ್ದೆ.”

ಹೊರಗೆ ಮಳೆ ರಸ್ತೆಯನ್ನು ಬಡಿಯುತ್ತಿತ್ತು. ಮೇ ತಿಂಗಳಲ್ಲಿ ನಮ್ಮಲ್ಲೂ ಮಧ್ಯಾಹ್ನ ಹೀಗೆಯೇ ಬರುತ್ತದೆ, ಬಂದರೆ ಇಬ್ಬರೂ ಓಡಿ ಕಣದ ಕಾಳುಮೆಣಸನ್ನು ಬಾಚುತ್ತೇವೆ. ಅಲ್ಲಿ ಬಾಚುವುದಕ್ಕೆ ಏನೂ ಇರಲಿಲ್ಲ. ಅವನು ತಲೆ ಬಗ್ಗಿಸಿಕೊಂಡು, ಸಕಲೇಶಪುರದ ಮನೆ ಇದಕ್ಕಿಂತ ಚೆನ್ನಾಗಿದೆ, ಗಾಳಿ ಬೆಳಕು ಇದೆ, ನೋಡಿದರೆ ನಿನಗೆ ಹಿಡಿಸುತ್ತದೆ ಅಂದ. ಅದರಲ್ಲಿ ಮೋಸವಿರಲಿಲ್ಲ. ನನಗೆ ಒಳ್ಳೆಯದನ್ನೇ ಹುಡುಕಿದ್ದ, ಹೊರಗೆ ಹುಡುಕಿದ್ದ, ಅಷ್ಟೇ.

“ಆ ಮನೆ ನಂಗೆ ಬೇಡ ಕಣೋ” ಅಂದೆ. ಅವನು ಬಾಯಿ ತೆರೆಯುವ ಮುಂಚೆ ಮುಂದುವರಿಸಿದೆ. “ಇದು ಉಪಚಾರದ ಬೇಡ ಅಲ್ಲ. ಹಾಸನದಲ್ಲಿ ಅಂದಿದ್ದು ಉಪಚಾರದ್ದು. ಇದು ನಿಜವಾಗ್ಲೂ ಬೇಡ.”

ಅವನ ಮುಖ ಕೆಂಪಾಯಿತು. ಹಾಸನದ ಮಾತು ಅವನಿಗೆ ಅವತ್ತೇ ಅರ್ಥವಾಗಿತ್ತು ಎಂದು ಆಗ ಗೊತ್ತಾಯಿತು.

“ನನ್ ಮೂಲೆ ರೂಮು ಬೇಕಾದ್ರೆ ತಗೊಳ್ಳಿ” ಅಂದೆ. “ಶೋಭಂಗೆ ಆಸೆ ಐತೆ, ಮಾಡ್ಲಿ. ನಂಗೆ ಸ್ಟೋರ್ ಪಕ್ಕದ ಆ ಹಳೇ ರೈಟರ್ ಮನೆ ರಿಪೇರಿ ಮಾಡ್ಸಿ ಕೊಡು. ಹೆಂಚು ಬದಲಾಯ್ಸು, ಸಾಕು. ನಾನು ಗೇಟಿನ ಒಳಗಿರ್ಬೇಕು.”

“ಅದು ಬಚ್ಚಲ ಮನೆಯಷ್ಟೈತಲ್ಲಕ್ಕ. ಕಿಟಕಿಗೆ ಬರೀ ಕಣ ಕಾಣ್ತದೆ.”

“ಕಾಣ್ಲಿ.”

ಅವನು ಎದ್ದು ಒದ್ದೆ ಶೂ ಹಾಕಿಕೊಂಡ. ವಾಪಸ್ ಹೋಗುವ ಬಸ್ಸು ಕೆಳಗೆ ಹಾರ್ನ್ ಹೊಡೆಯಿತು. ನಾನು ಮಂಚದಿಂದ ಏಳಲಿಲ್ಲ. ಕೊಡೆ ಬಾಗಿಲ ಹಿಂದೆ ಐತೆ, ತಗೊಂಡು ಹೋಗು ಎಂದು ಕೂತಲ್ಲಿಂದಲೇ ಹೇಳಿದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತ, ನಾನು ಏಳುತ್ತೇನೇನೋ ಎಂದು ನೋಡಿದ ಹಾಗಿತ್ತು. ಆಮೇಲೆ ಅವನಿಗೂ ಹೊಳೆಯಿತೇನೋ. “ಬತ್ತೀನಿ ಕಣಕ್ಕ” ಎಂದು ಬಾಗಿಲು ಎಳೆದುಕೊಂಡು ಹೋದ. ನಾನು ಹ್ಞೂಂ ಅಂದೆ. ಕೊಡೆ ಮಾತ್ರ ಮರೆತು ಹೋಗಿದ್ದ.

ದೋಣಿಗಲ್

ಹೊರಡುವ ಬೆಳಗ್ಗೆ ವಾಲ್ಟರ್ ಟ್ಯಾಕ್ಸಿಯವರೆಗೆ ಬಂದು ಸೂಟ್‌ಕೇಸು ಎತ್ತಿಟ್ಟರು. ಟ್ಯಾಕ್ಸಿ ಹೆದ್ದಾರಿಗೆ ತಿರುಗುವವರೆಗೂ ನಿಂತಿದ್ದರು. 'ನಾಳೆ' ಅನ್ನಲಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ರೈಟರ್ ಮನೆಗೆ ಹೊಸ ಹೆಂಚು ಬಂತು. ಮಹೇಶ ಕೇಳದೆಯೇ ನೆಲಕ್ಕೆ ರೆಡ್ ಆಕ್ಸೈಡ್ ಹಾಕಿಸಿದ. ಶೋಭಾ ಪರದೆ ಹೊಲಿಸಿ ತಂದಳು. ಆಚೆ ಮೂಲೆ ರೂಮಿಗೆ ದೊಡ್ಡ ಗಾಜಿನ ಕಿಟಕಿ ಕೂತಿತು, ಬರುವವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಜೆ ನನ್ನ ಮೆಟ್ಟಿಲ ಮೇಲೆ ಕೂತರೆ ಆ ರೂಮಿನ ದೀಪ ಕಾಣುತ್ತದೆ. ಯಾರ್ಯಾರದೋ ನೆರಳು ಓಡಾಡುತ್ತದೆ. ಅಪ್ಪ ಸುಣ್ಣ ಹೊಡೆಸಿದ ಗೋಡೆಯ ಬಣ್ಣ ಈಗ ತಿಳಿ ಹಳದಿ. ನೋಡಿ ಅಭ್ಯಾಸವಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಅಂದಹಾಗೆ, ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ. ಹೊರಗಿನದೇ ಕಮ್ಮಿಗೆ ಬೀಳುತ್ತದೆ. ಬಸ್ಸು, ಕಾಯುವುದು, ನಡೆಯುವುದು ಎಲ್ಲ ಸೇರಿಸಿದರೂ ಕಮ್ಮಿಯೇ. ಆದರೆ ಐದು ಜನ ಹೋಗುವುದಾದರೆ ಐದೂ ಜನ ಹೊರಗಿರಿ, ಇಲ್ಲವೇ ಐದೂ ಜನ ಒಳಗಿರಿ. ನಿಮ್ಮಲ್ಲಿ ಯಾರಾದರೂ ನಾನೊಬ್ಬಳು ಹೊರಗಿರುತ್ತೇನೆ ಅಂದರೆ ಆ ಮಾತನ್ನು ಕೇಳಿಸಿಕೊಳ್ಳಬೇಡಿ, ಅಡ್ಡ ಹಿಡಿದ ಕೈ ಸರಿಸಿ ಬಡಿಸಿಬಿಡಿ.

ಹೋಂಸ್ಟೇಗೆ ಬಂದವರು ಹೊರಡುವಾಗ ಅವರನ್ನು ಕಳಿಸಿಕೊಡುವುದು ಈಗ ನನ್ನ ಕೆಲಸ. ಹೆಣ್ಣುಮಕ್ಕಳ ಕೈಯಲ್ಲಿ ನಮ್ಮ ತೋಟದ ಎರಡು ಕಿತ್ತಳೆ ಇಟ್ಟು, ಕಾರು ತಿರುವು ದಾಟುವವರೆಗೆ ಗೇಟಿನಲ್ಲಿ ನಿಲ್ಲುತ್ತೇನೆ. ಅವರಿಗೆ ಬಹಳ ಖುಷಿಯಾಗುತ್ತದೆ, ಎಷ್ಟೊಂದು ಪ್ರೀತಿ ಅನ್ನುತ್ತಾರೆ.

ಸಂತೆಯ ದಿನ ನಾನು ಸಕಲೇಶಪುರಕ್ಕೆ ಹೊರಡುತ್ತೇನೆ. ಅಂಗಳದಲ್ಲಿ ನಿಂತು, ಹೋಗಿ ಬತ್ತೀನಿ ಎಂದು ಒಂದು ಸಲ ಕೂಗುತ್ತೇನೆ. ಅಡುಗೆಮನೆಯಿಂದ ಶೋಭಾಳ ದನಿ ಬರುತ್ತದೆ, ಮುಖ ಕಾಣುವುದಿಲ್ಲ: “ಅತ್ತಿಗೆ, ಬರೋವಾಗ ಕೊತ್ತಂಬರಿ ಸೊಪ್ಪು ತನ್ನಿ.” ಚೀಲ ಹಿಡಿದು ಒಬ್ಬಳೇ ಗೇಟಿನವರೆಗೆ ನಡೆಯುತ್ತೇನೆ, ಒಬ್ಬಳೇ ಗೇಟು ತೆಗೆದು, ಒಬ್ಬಳೇ ಮುಚ್ಚಿಕೊಳ್ಳುತ್ತೇನೆ. ಯಾರೂ ಹಿಂದೆ ಬರುವುದಿಲ್ಲ.